ನೂರೆಂಬತ್ತಕ್ಕೆ ಬೀಳುವ ಕಾರ್ಡು

"ಮೊದ್ಲು ಆ ಬತ್ತಿ ಆರಿಸಪ್ಪಾ. ಆಮೇಲೆ ಒಳಕ್ಕೆ ಬರ್ತೀನಿ."

ಮುನಿಶಾಮಪ್ಪನವರು ಅಂಗಡಿಯ ಹೊಸ್ತಿಲ ಆಚೆಯೇ ನಿಂತುಬಿಟ್ಟರು. ಮೇಜಿನ ಕೆಳಗೆ ಸೊಳ್ಳೆಬತ್ತಿ ಹೊಗೆ ಬಿಡುತ್ತಿತ್ತು. ಅರಿಶಿನಕುಂಟೆಯ ಸರ್ವೀಸ್ ರಸ್ತೆಯಲ್ಲಿದ್ದ ಆ ಕಂಪ್ಯೂಟರ್ ರಿಪೇರಿ ಅಂಗಡಿಯ ಬೆನ್ನಿಗೇ ಚರಂಡಿ. ಹಾಡಹಗಲಲ್ಲೂ ಸೊಳ್ಳೆ ಕಾಟ.

"ಏನ್ ಯಜಮಾನ್ರೇ, ಸೊಳ್ಳೆಗಿಂತ ಮೊದ್ಲು ನೀವೇ ಓಡ್ತೀರಲ್ಲ?" ಎಂದು ಸಬ್‌ಇನ್‌ಸ್ಪೆಕ್ಟರ್ ಕಾಂತರಾಜು ನಕ್ಕರು.

"ಬಟ್ಟೆಗೆ ಹಿಡ್ಕೊಳ್ಳುತ್ತೆ ಸ್ವಾಮಿ, ಆ ವಾಸ್ನೆ."

ಅಂಗಡಿಯ ಯಜಮಾನ ನಂದೀಶ ಬಗ್ಗಿ ಬತ್ತಿಯ ತುದಿಯನ್ನು ನೆಲಕ್ಕೆ ಒತ್ತಿದ. ಅವನ ಬೈಕಿನ ಕೀ ಬೆಳಿಗ್ಗೆಯೇ ಕಾಂತರಾಜು ಅವರ ಜೇಬು ಸೇರಿತ್ತು, ಓಡಿಹೋಗದಿರಲಿ ಎಂದು.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಶಾಮಲಮ್ಮ ಇದನ್ನೆಲ್ಲ ನೋಡುತ್ತಿದ್ದರು. ಮೂವತ್ತೊಂದು ವರ್ಷ ರೇಷ್ಮೆ ಇಲಾಖೆಯ ಕೆಲಸದಲ್ಲಿ ಹಳ್ಳಿ ಹಳ್ಳಿಯ ಹುಳುಮನೆಗಳನ್ನು ಸುತ್ತಿ ನಿವೃತ್ತರಾದವರು. ದೊಡ್ಡಬಳ್ಳಾಪುರದ ಕಡೆ ಇಂದಿಗೂ ಅವರು 'ರೇಷ್ಮೆ ಮೇಡಂ'. ಹುಳು ಯಾಕೆ ಸತ್ತಿತು ಎಂದು ಪತ್ತೆ ಮಾಡಿದ ಕಣ್ಣಿಗೆ ಮನುಷ್ಯರ ಕಳ್ಳತನಗಳೂ ಕಾಣತೊಡಗಿದ್ದು ನಿವೃತ್ತಿಯ ನಂತರ.

ಹತ್ತೊಂಬತ್ತು ದಿನದ ಹಿಂದೆ ರವಿಚಂದ್ರನೆಂಬ ಯುವಕ ತನ್ನ ಕಂಪ್ಯೂಟರಿನ ಸಮೇತ ಕಾಣೆಯಾಗಿದ್ದ. ಮೂವತ್ತೆಂಟು ದಿನದ ಹಿಂದೆ ತೂಬಗೆರೆ ರಸ್ತೆಯಲ್ಲಿ ಒಬ್ಬ ಹಿರಿಯರನ್ನು ಕೆಡವಿ ಕೊಂದು ನಿಲ್ಲದೆ ಹೋದ ಕಾರೊಂದು ಹಾಲಿನ ಡೈರಿಯ ಕ್ಯಾಮೆರಾದಲ್ಲಿ ಮಬ್ಬುಮಬ್ಬಾಗಿ ಸಿಕ್ಕಿತ್ತು. ಅದರ ನಂಬರು ಕಾಣುವಂತೆ ಚಿತ್ರವನ್ನು ಸ್ಪಷ್ಟ ಮಾಡಿಕೊಡುತ್ತೇನೆಂದು ಕೂತಿದ್ದವನು ಅವನು.

ಆ ಹಿರಿಯರು ಶಾಮಲಮ್ಮನವರ ಯಜಮಾನರು, ಮುನಿವೆಂಕಟಪ್ಪನವರು.

ಮೇಜಿನ ಮೇಲೆ ಹಾಸಿದ್ದ ಹಳೆಯ ಟವೆಲಿನ ಮೇಲೆ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಒಂದು ಗ್ರಾಫಿಕ್ಸ್ ಕಾರ್ಡು ಮಲಗಿತ್ತು. ರವಿಚಂದ್ರನ ಗೆಳೆಯನೆಂದು ನಂದೀಶನ ಅಂಗಡಿಯನ್ನು ಬೆಳಿಗ್ಗೆ ತಡಕಿದಾಗ ಕಾಂತರಾಜು ಅವರಿಗೆ ಸಿಕ್ಕಿದ್ದು. ಒಂದು ಗೇಣು ಉದ್ದ, ಎರಡು ಫ್ಯಾನು, ಕಪ್ಪು ಮೈ, ಅಂಚಿಗೊಂದು ಕೆಂಪು ಗೆರೆ. ಕಂಪ್ಯೂಟರಿನಲ್ಲಿ ಆಟವಾಡುವವರು ಮಧ್ಯಮ ದರ್ಜೆಯದು ಎನ್ನುವ ಮಾದರಿ. ಇಂಥವು ಬೆಂಗಳೂರಿನಲ್ಲಿ ಸಾವಿರಾರಿವೆ. ಕ್ರಮಸಂಖ್ಯೆಯ ಚೀಟಿ ಇದ್ದ ಕಡೆ ಬರೀ ಅಂಟು ಉಳಿದಿತ್ತು.

"ಮೇಡಂ, ಲೆಕ್ಕ ಸುಲಭ," ಎಂದರು ಕಾಂತರಾಜು. "ಇದು ರವಿ ಕಾರ್ಡೇ ಆಗಿದ್ರೆ ಈ ನಂದೀಶ ಇವತ್ತೇ ಒಳಗೆ. ರವಿಯನ್ನ ಏನು ಮಾಡ್ದ ಅಂತ ಅಲ್ಲಿ ಬಾಯಿ ಬಿಡಿಸ್ತೀನಿ. ಅಲ್ಲ ಅಂದ್ರೆ ಮನೆಗೆ ಹೋಗ್ಲಿ."

"ಅದು ನಮ್ಮ ಹುಡುಗನದಲ್ಲ ಸ್ವಾಮಿ," ಎಂದರು ಮುನಿಶಾಮಪ್ಪ. ರವಿಚಂದ್ರನ ತಾಯಿ ಬೈರಮ್ಮನ ಅಣ್ಣ ಅವರು. ಕಾರ್ಡನ್ನು ಗುರುತು ಹಿಡಿಯಲೆಂದೇ ತೂಬಗೆರೆಯಿಂದ ಅವರನ್ನು ಕರೆತಂದಿದ್ದು. "ನೋಡಿದ ತಕ್ಷಣ ಗೊತ್ತಾಗುತ್ತೆ. ಪಾಪ, ಆ ಹುಡುಗನ್ನ ಬಿಟ್ಬಿಡಿ. ನಡೀರಿ ಹೋಗೋಣ."

ಶಾಮಲಮ್ಮ ತಲೆಯೆತ್ತಿ ಅವರನ್ನೇ ನೋಡಿದರು. ಕಾಣೆಯಾದ ಹುಡುಗನ ವಸ್ತು ಎದುರಿಗಿರಬಹುದು ಎಂದಾಗ ಹತ್ತಿರಕ್ಕೂ ಬಾರದೆ 'ನಮ್ಮದಲ್ಲ' ಎನ್ನುವ ಸೋದರಮಾವನನ್ನು ಅವರು ಕಂಡಿರಲಿಲ್ಲ.

"ನಂದೀಶ, ಇದು ನಿನ್ನ ಕೈಗೆ ಹೆಂಗೆ ಬಂತು? ಇನ್ನೊಂದ್ಸಲ ಹೇಳಪ್ಪ."

"ಐದು ದಿನದ ಹಿಂದೆ ಮೇಡಂ. ಮಾಸ್ಕ್ ಹಾಕಿದ್ದ ಒಬ್ಬ ಹೆಂಗಸು ಕೈಚೀಲದಲ್ಲಿ ತಂದ್ಕೊಟ್ಳು. ಕ್ಲೀನ್ ಮಾಡ್ಬೇಕಂತೆ, ಬಿಚ್ಚಿಯೇ ಮಾಡ್ಬೇಕಂತೆ ಅಂದ್ಳು. ಹೆಸ್ರು ಕೇಳೋದ್ರೊಳಗೆ ಬಸ್ ಹತ್ಬಿಟ್ಳು."

"ಬಿಚ್ಚಿದೆಯಾ?"

ನಂದೀಶ ತಲೆ ತಗ್ಗಿಸಿದ. "ಇಲ್ಲ ಮೇಡಂ. ನನ್ನ ಸಿಸ್ಟಮ್ಮಿಗೆ ಹಾಕ್ಕೊಂಡು... ಗೇಮ್ ಆಡ್ದೆ."

"ಥೂ ನಿನ್ನ," ಎಂದು ಕಾಂತರಾಜು ತೊಡೆ ತಟ್ಟಿ ನಕ್ಕರು. "ಕಥೆ ಕಟ್ಟೋಕೂ ಬರಲ್ವಲ್ಲೋ ನಿನಗೆ!"

ಅಷ್ಟರಲ್ಲಿ ಹೊರಗಿನಿಂದ ಪಂಕ್ಚರ್ ಅಂಗಡಿಯವನ ಕೂಗು ಕೇಳಿಸಿತು. "4063 ಯಾರ್ದ್ರೀ ಗಾಡಿ? ಲಾರಿ ತಿರುಗ್ಬೇಕು, ಸ್ವಲ್ಪ ಮುಂದಕ್ಕೆ ಹಾಕ್ಕೊಳ್ಳಿ!"

"ನಂದೇ ಕಣಯ್ಯಾ, ಬಂದೆ!" ಎಂದು ಕಾಂತರಾಜು ಎದ್ದರು. ಠಾಣೆಯ ಜೀಪು ಏರ್‌ಪೋರ್ಟ್ ರಸ್ತೆಯ ಬಂದೋಬಸ್ತಿಗೆ ಹೋಗಿದ್ದರಿಂದ ಅಂದು ಅವರು ತಮ್ಮ ಸ್ವಂತ ಬಿಳಿಯ ಕಾರಿನಲ್ಲೇ ಎಲ್ಲರನ್ನೂ ಕರೆತಂದಿದ್ದರು.

"ಸಾರ್, ಹೊಸಾ ಕಾರಾ? ಪಳಪಳ ಅಂತಿದೆ," ಎಂದ ನಂದೀಶ, ಸ್ವಲ್ಪ ಮಸ್ಕಾ ಹೊಡೆಯುವ ಆಸೆಯಿಂದ.

"ಹಳೇದೇ ಕಣೋ. ಪಾಲಿಶ್ ಮಾಡ್ಸಿದೀನಿ. ನೀನು ನಿನ್ನ ಕೆಲಸ ನೋಡು."

ಅಂದು ಬೆಳಿಗ್ಗೆ ಕಾಂತರಾಜು ಮನೆಗೆ ಬಂದಾಗ ಮುನಿವೆಂಕಟಪ್ಪನವರ ಫೋಟೋಗೆ ಕೈಮುಗಿದಿದ್ದರು. ಶಾಮಲಮ್ಮ ಆ ಫೋಟೋದ ಹಾರದಿಂದ ಒಂದು ಸೇವಂತಿಗೆ ಕಿತ್ತು ಕೊಟ್ಟಿದ್ದರು. ಕಾರಿನ ಮುಂದಿನ ಪುಟ್ಟ ಗಣೇಶನ ಪಾದದ ಬಳಿ ಕಾಂತರಾಜು ಅದನ್ನು ಇಟ್ಟುಕೊಂಡಿದ್ದರು. ಈ ಕಾಲದಲ್ಲೂ ಇಂಥ ಅಧಿಕಾರಿ ಇದ್ದಾರಲ್ಲ ಎಂದು ಶಾಮಲಮ್ಮನಿಗೆ ಕಣ್ಣು ತುಂಬಿತ್ತು.

* * *

ಶಾಮಲಮ್ಮ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ರವಿಚಂದ್ರನದು. ಬೈರಮ್ಮ ಕೊಟ್ಟದ್ದು.

ಪುಟದ ತುಂಬ ಅಂಕಿಗಳು. ಪ್ರತಿ ಸಾಲಿನ ಕೊನೆಗೆ 'ಒಣ' ಒಂದು ಅಂಕಿ, 'ಹಸಿ' ಒಂದು ಅಂಕಿ.

"ಈ ಒಣ, ಹಸಿ ಏನು ಮೇಡಂ?" ಎಂದು ನಂದೀಶ ಇಣುಕಿದ.

"ಹುಳುಮನೇಲಿ ಜೋಡಿ ಥರ್ಮಾಮೀಟರ್ ಇರುತ್ತಲ್ಲ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ. ಎರಡನ್ನೂ ಓದಿ ಬರೀಬೇಕು ಅಂತ ಅವನ ತಾಯಿಗೆ ನಾನೇ ಕಲಿಸಿದ್ದು. ಅವಳು ಹುಳು ಸಾಕ್ತಿದ್ದ ಕಾಲದಲ್ಲಿ ಓದಿ ಹೇಳ್ತಿದ್ದವನು ಇವನು. ಎಂಟು ವರ್ಷದವನು." ಅವರ ದನಿ ಒಂದು ಕ್ಷಣ ತಗ್ಗಿತು. "ಹುಳು ಹೋದ್ರೂ ಅಭ್ಯಾಸ ಹೋಗಿಲ್ಲ. ಕಾರ್ಡ್ ಪರೀಕ್ಷೆಗೂ ಬರೆದಿದಾನೆ."

ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

'ಏರಿಸದೆ ಓಡಿಸಿದಾಗ 68 ಡಿಗ್ರಿ. ಕೋರ್ +165. ಇಪ್ಪತ್ತು ನಿಮಿಷ. ಸರಿ. +180. ಒಂಬತ್ತನೇ ನಿಮಿಷ, ಬಲಗಡೆ ಕೆಳಗೆ ಚುಕ್ಕೆ, ಆಮೇಲೆ ಕಪ್ಪು. ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟಕ್ಕೇ. ಒಣ 27, ಹಸಿ 24.'

ಓದುತ್ತಿದ್ದ ಹಾಗೆ ನಂದೀಶನ ಮುಖದಲ್ಲಿ ಭಯದ ಜಾಗಕ್ಕೆ ಬೇರೇನೋ ಬಂತು.

"ಮೇಡಂ, ಇದು ಬೆರಳಚ್ಚು ಇದ್ದಂಗೆ!"

"ಅಂದ್ರೆ?" ಕಾಂತರಾಜು ಕುರ್ಚಿ ಹತ್ತಿರ ಎಳೆದುಕೊಂಡರು.

"ಸಾರ್, ಕಾರ್ಡಿನ ಚಿಪ್ಪು ಎಷ್ಟು ವೇಗವಾಗಿ ಬಡ್ಕೊಳ್ಳುತ್ತೆ ಅನ್ನೋದು ಕ್ಲಾಕು. ಎದೆಬಡಿತ ಇದ್ದಂಗೆ. ಕಂಪನಿಯವರು ಇಟ್ಟಿದ್ದಕ್ಕಿಂತ ಜಾಸ್ತಿ ಓಡ್ಸೋದು ಓವರ್‌ಕ್ಲಾಕು. ಸ್ವಲ್ಪ ಸ್ವಲ್ಪ ಏರ್ಸ್ತಾ ಹೋದ್ರೆ ಎಲ್ಲೋ ಒಂದ್ಕಡೆ ಕಾರ್ಡು ಬೀಳುತ್ತೆ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ದಿನ ತಯಾರಾಗಿದ್ರೂ ಎರಡು ಕಾರ್ಡು ಒಂದೇ ಕಡೆ ಬೀಳೋದು ಬಾಳ ಅಪರೂಪ. ಅದೂ ಅದೇ ನಿಮಿಷಕ್ಕೆ, ಅದೇ ಮೂಲೇಲಿ ಚುಕ್ಕೆ ಬಿಟ್ಟು!"

"ಒಂದೇ ಚಿಟ್ಟೆಯ ಮೊಟ್ಟೆ, ಒಂದೇ ಸೊಪ್ಪು. ಆದರೂ ಗೂಡು ಬೇರೆ ಬೇರೆ," ಎಂದರು ಶಾಮಲಮ್ಮ. "ಸರಿ. ಏರಿಸು. ಎಲ್ಲಿ ಬೀಳುತ್ತೆ ನೋಡೋಣ."

"ಬಿದ್ರೆ ಬೀಳೋನು ನಾನು ಮೇಡಂ," ಎಂದ ನಂದೀಶ. ಆದರೂ ಅವನ ಕೈ ಆಗಲೇ ಕಾರ್ಡನ್ನು ಎತ್ತಿಕೊಂಡಿತ್ತು.

ಮುಚ್ಚಳವಿಲ್ಲದ ಕಂಪ್ಯೂಟರಿಗೆ ಅವನು ಅದನ್ನು ಕೂರಿಸಿದ. ಪರದೆಯ ಮೇಲೆ ಹಿಮ ಬಿದ್ದ ಕಾಡು, ಕಾಡಿನೊಳಗೆ ಓಡುವ ಕುದುರೆಗಳು. ಪರೀಕ್ಷೆಗೆಂದೇ ಮಾಡಿದ ಚಿತ್ರ. ಕಾರ್ಡಿನ ಶಕ್ತಿಯನ್ನೆಲ್ಲ ಹಿಂಡುವಂಥದು. ಮೂಲೆಯಲ್ಲಿ ಉಷ್ಣಾಂಶದ ಅಂಕಿ.

ಮೊದಲು ಏನೂ ಏರಿಸದೆ ಓಡಿಸಿದ.

ಅರವತ್ತೈದು. ಎಪ್ಪತ್ತೆರಡು. ಎಪ್ಪತ್ತೊಂಬತ್ತು. ನಾಲ್ಕೇ ನಿಮಿಷಕ್ಕೆ ಎಂಬತ್ತನಾಲ್ಕು ಡಿಗ್ರಿ. ಕುದುರೆಗಳು ಮುಗ್ಗರಿಸತೊಡಗಿದವು.

"ಇದು ರವಿ ಕಾರ್ಡಲ್ಲ!" ನಂದೀಶ ಕೂಗಿಯೇಬಿಟ್ಟ. "ನೋಟ್‌ಬುಕ್ಕಲ್ಲಿ ಅರವತ್ತೆಂಟು ಅಂತಿದೆ. ಇದು ಎಂಬತ್ತನಾಲ್ಕು! ಬಿಸಿ ತಡೀಲಾರ್ದೆ ತಾನೇ ವೇಗ ಇಳಿಸ್ಕೊಳ್ತಾ ಇದೆ, ನೋಡಿ ಸಾರ್!"

"ನಾನು ಮೊದ್ಲೇ ಹೇಳ್ಲಿಲ್ವಾ?" ಮುನಿಶಾಮಪ್ಪ ಥಟ್ಟನೆ ಎದ್ದು ಹೆಗಲ ಟವೆಲು ಕೊಡವಿದರು. "ನಡೀರಿ ಸ್ವಾಮಿ."

"ಕೂತ್ಕೊಳ್ಳಿ," ಎಂದರು ಶಾಮಲಮ್ಮ. ಜೋರಾಗಿಯೇನೂ ಅಲ್ಲ. ಆದರೆ ಮುನಿಶಾಮಪ್ಪ ಕೂತರು. "ಹುಳು ಮೇಯ್ತಿಲ್ಲ ಅಂದ ತಕ್ಷಣ ಜಾತಿ ಬೇರೆ ಅನ್ನಕ್ಕಾಗಲ್ಲ. ಮೊದಲು ಗಾಳಿ ಆಡ್ತಿದೆಯಾ ನೋಡಬೇಕು. ನಂದೀಶ, ಆರಿಸು. ಟಾರ್ಚ್ ಹಿಡಿ."

ಫ್ಯಾನಿನ ರೆಕ್ಕೆಗಳ ಹಿಂದೆ, ಲೋಹದ ತೆಳು ತಗಡುಗಳ ಸಂದಿಯಲ್ಲಿ ದೂಳು ಗಿಡಿದು ತುಂಬಿತ್ತು. ಶಾಮಲಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮನೆಯ ದೂಳು ಬೂದು ಬಣ್ಣ, ಅದರಲ್ಲಿ ಕೂದಲು, ಬಟ್ಟೆಯ ಎಳೆ ಇರುತ್ತವೆ. ಇದು ಬೆಳ್ಳಗಿತ್ತು.

ಅವರು ಒಂದು ಕಾಗದ ಹಾಸಿ, ನಂದೀಶನ ಬ್ರಷ್ಷಿನಿಂದ ಚಿಟಿಕೆಯಷ್ಟು ಕೆಡವಿಕೊಂಡು ಮಡಿಚಿ ಇಟ್ಟುಕೊಂಡರು. "ಉಳಿದದ್ದನ್ನ ಹೊರಗೆ ಊದಿಕೊಂಡು ಬಾ."

ನಂದೀಶ ಬ್ಲೋವರ್ ಹಿಡಿದು ಊದಿದಾಗ ಸರ್ವೀಸ್ ರಸ್ತೆಯ ಬಿಸಿಲಿನಲ್ಲಿ ಒಂದು ಬಿಳಿಯ ಮೋಡ ಎದ್ದು ಹೋಯಿತು.

ಮತ್ತೆ ಕುದುರೆಗಳು ಓಡಿದವು. ಐದು ನಿಮಿಷ. ಹತ್ತು ನಿಮಿಷ. ಅಂಕಿ ಅರವತ್ತೊಂಬತ್ತಕ್ಕೆ ಬಂದು ನಿಂತಿತು.

ನೋಟ್‌ಬುಕ್ಕಿನ ಅಂಕಿಗೆ ಒಂದೇ ಡಿಗ್ರಿ ವ್ಯತ್ಯಾಸ.

"ಏರಿಸು," ಎಂದರು ಕಾಂತರಾಜು.

* * *

ಅರವತ್ತು ಏರಿಸಿದ, ಕುದುರೆಗಳು ಚುರುಕಾದವು. ತೊಂಬತ್ತು, ನೂರ ಇಪ್ಪತ್ತು. ಫ್ಯಾನಿನ ಶಬ್ದ ಜೇನುಹುಳುವಿನ ಗುಂಯ್‌ಗುಡುವಿಕೆಯಂತೆ ಏರಿತು. ಪಕ್ಕದ ಹೋಟೆಲಿನಿಂದ ಬಂದ ಚಹಾ ಯಾರೂ ಮುಟ್ಟದೆ ಕೆನೆಗಟ್ಟಿತು.

"ನೂರೈವತ್ತು," ಎಂದ ನಂದೀಶ. ಅವನ ಕಣ್ಣು ಹೊಳೆಯುತ್ತಿತ್ತು. "ಎಂಥ ಕಾರ್ಡು ಗುರು ಇದು! ಈ ರೇಟಿನ ಕಾರ್ಡು ಇಷ್ಟು ಓಡೋದು ನಾನು ನೋಡೇ ಇಲ್ಲ."

"ಗುರು ಗಿರು ಆಮೇಲೆ. ಮುಂದಕ್ಕೆ ಹೋಗು," ಎಂದ ಕಾಂತರಾಜು ಕುರ್ಚಿಯ ಅಂಚಿಗೆ ಬಂದಿದ್ದರು. ಟೋಪಿ ಕೈಯಲ್ಲಿ ಹಿಂಡಿಹೋಗಿತ್ತು.

ನೂರ ಅರವತ್ತೈದು. ಗೋಡೆಯ ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ರವಿಚಂದ್ರನ ನೋಟ್‌ಬುಕ್ಕು ಹೇಳಿದ ಹಾಗೆಯೇ.

"ಈಗ ನೂರೆಂಬತ್ತು."

ನಂದೀಶನ ಬೆರಳು ಮೌಸಿನ ಮೇಲೆ ನಿಂತಿತು. ಅವನಿಗೆ ಈಗ ನೆನಪಾಗಿತ್ತು. ಇಲ್ಲಿ ಬಿದ್ದರೆ ಕಾರ್ಡು ರವಿಯದು. ಕಾರ್ಡು ರವಿಯದಾದರೆ ತಾನು ಕೊಲೆಗಾರ.

"ಮೇಡಂ, ನಾನು ಬೇಕಾದ್ರೆ ನೂರೆಪ್ಪತ್ತಕ್ಕೆ ನಿಲ್ಲಿಸಿ, ನೂರೆಂಬತ್ತು ಅಂತ ಸುಳ್ಳು ಹೇಳ್ಬಹುದಿತ್ತು."

"ಗೊತ್ತಪ್ಪ. ಹೇಳ್ಲಿಲ್ವಲ್ಲ. ಒತ್ತು. ದೇವರಿದಾನೆ."

ಅವನು ಒತ್ತಿದ.

ಮೂರು ನಿಮಿಷ, ಐದು ನಿಮಿಷ. ಮುನಿಶಾಮಪ್ಪನವರ ತುಟಿ ಅಲ್ಲಾಡುತ್ತಿತ್ತು. 'ಬೀಳ್ಬೇಡಪ್ಪ, ಬೀಳ್ಬೇಡ' ಎನ್ನುತ್ತಿದ್ದಾರೆ ಎಂದು ಶಾಮಲಮ್ಮನಿಗೆ ಅರ್ಥವಾಯಿತು. ಏಳು ನಿಮಿಷ. ಕುದುರೆಗಳು ಇನ್ನೂ ಓಡುತ್ತಿವೆ. ಎಂಟು. ನಂದೀಶ ಎರಡೂ ಕೈ ಮುಷ್ಟಿ ಮಾಡಿಕೊಂಡ. "ದಾಟುತ್ತೆ! ದಾಟುತ್ತೆ ಮೇಡಂ, ದಾಟು—"

ಬಲಗಡೆ ಕೆಳಗೆ, ಹಿಮದ ಮೇಲೆ ಒಂದು ಹಸಿರು ಚುಕ್ಕೆ.

ಆಮೇಲೆ ಹತ್ತು. ಆಮೇಲೆ ಒಂದು ಹಿಡಿ ರಾಗಿ ಎರಚಿದಂತೆ ನೂರು.

ಪರದೆ ಕಪ್ಪಾಯಿತು.

ಗೋಡೆಯ ಗಡಿಯಾರದಲ್ಲಿ ಒಂಬತ್ತನೇ ನಿಮಿಷ ನಡೆಯುತ್ತಿತ್ತು.

ಕಾಂತರಾಜು ದೀರ್ಘವಾಗಿ ಉಸಿರು ಬಿಟ್ಟು ಎದ್ದರು. "ಏಳಪ್ಪಾ ನಂದೀಶ. ನಿನ್ನ ಕೈಯಾರೆ ನೀನೇ ಹೇಳ್ಬಿಟ್ಟೆ."

ನಂದೀಶ ಏಳಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ ಕೂತ.

"ಒಂದು ನಿಮಿಷ ಕಾಂತರಾಜು," ಎಂದರು ಶಾಮಲಮ್ಮ. "ಕಾರ್ಡು ರವಿಯದೇ. ಆದ್ರೆ ಹತ್ತೊಂಬತ್ತು ದಿನ ಅದು ಎಲ್ಲಿತ್ತು ಅಂತ ಅದೇ ಇನ್ನೂ ಹೇಳಿಲ್ಲ. ನಂದೀಶ, ನಿನ್ನ ದೇವರ ಗೂಡಲ್ಲಿ ಅರಿಶಿನ ಇದೆ. ತೆಗೆದು ನೀರಲ್ಲಿ ಕಲಸು."

ಎರಡು ತಿಂಗಳ ಹಿಂದಾಗಿದ್ದರೆ ಅವರೇ ಎದ್ದು ತೆಗೆಯುತ್ತಿದ್ದರು. ಈಗ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡರು.

ನಂದೀಶ ಕಾಫಿ ಲೋಟದಲ್ಲಿ ಅರಿಶಿನದ ನೀರು ತಂದ. ಶಾಮಲಮ್ಮ ಕಾಗದದ ಮಡಿಕೆ ಬಿಚ್ಚಿ ಆ ಬಿಳಿಯ ಪುಡಿಯನ್ನು ಲೋಟಕ್ಕೆ ಜಾಡಿಸಿದರು.

ಹಳದಿ ನೀರು ಕೆಂಪಾಯಿತು. ಆರತಿಯ ನೀರಿನಂತೆ, ರಕ್ತಗೆಂಪು.

"ಸುಣ್ಣ," ಎಂದ ನಂದೀಶ ಬಾಯಿ ತೆರೆದು.

"ಗೋಡೆ ಸುಣ್ಣ ಇರ್ಬಹುದು ಮೇಡಂ," ಎಂದರು ಕಾಂತರಾಜು. ಆದರೆ ಅವರೂ ಕಾಗದದ ಮೇಲೆ ಬಗ್ಗಿದ್ದರು.

"ಇರಬಹುದಿತ್ತು. ಇದು ಇಲ್ಲದಿದ್ರೆ." ಕಾಗದದಲ್ಲಿ ಉಳಿದಿದ್ದ ಒಂದು ಕಪ್ಪು ಕಣವನ್ನು ಶಾಮಲಮ್ಮ ಬ್ರಷ್ಷಿನ ತುದಿಯಿಂದ ಹೊರಳಿಸಿದರು. ಎಳ್ಳಿನಷ್ಟು ಗಾತ್ರ, ಉದ್ದಕ್ಕೂ ಗೀರು. "ರೇಷ್ಮೆ ಹುಳುವಿನ ಹಿಕ್ಕೆ. ಹುಳು ಪೊರೆ ಬಿಡೋ ಮುಂಚೆ ಮೇವು ಬಿಟ್ಟು ಮಲಗುತ್ತೆ, ಜ್ವರ ಅಂತೀವಿ. ಆಗ ತಟ್ಟೆ ಮೇಲೆಲ್ಲ ಸುಣ್ಣದ ಪುಡಿ ಉದುರಿಸ್ತಾರೆ. ಈ ಕಾರ್ಡು ಇತ್ತೀಚೆಗೆ ಹುಳು ಇರೋ ಮನೇಲಿ ದಿನಗಟ್ಟಲೆ ಓಡಿದೆ."

"ಕದ್ದವನು ಅಲ್ಲಿಟ್ಟಿದ್ದ ಅಂತೀರಾ?"

"ಕದ್ದವನು ಮಾರ್ತಾನೆ. ಹುಳುಮನೇಲಿ ಕೂತು ದಿನಗಟ್ಟಲೆ ಓಡಿಸಲ್ಲ. ಉಸಿರು ಕಟ್ಟಿದೆ, ಬಿಚ್ಚಿ ಒರೆಸಿ ಅಂತ ಕಳಿಸಲ್ಲ." ಶಾಮಲಮ್ಮನ ಎದೆ ಅವರಿಗೇ ಕೇಳುವಂತೆ ಬಡಿಯುತ್ತಿತ್ತು. ಮೂವತ್ತೆಂಟು ದಿನಗಳಲ್ಲಿ ಮೊದಲ ಬಾರಿಗೆ ಅದು ದುಃಖದಿಂದ ಬಡಿಯುತ್ತಿರಲಿಲ್ಲ. "ಕಾಂತರಾಜು, ರವಿ ಸತ್ತಿಲ್ಲ. ಅವನನ್ನ ಯಾರೋ ಹುಳುಮನೇಲಿ ಇಟ್ಟಿದಾರೆ."

ಕಾಂತರಾಜು ಒಂದು ಹೆಜ್ಜೆ ಮುಂದೆ ಬಂದರು. "ಯಾವ ಹುಳುಮನೆ ಮೇಡಂ?"

ಶಾಮಲಮ್ಮ ತಿರುಗಿ ಬಾಗಿಲ ಬಳಿಯ ಕುರ್ಚಿಯನ್ನು ನೋಡಿದರು.

"ಮುನಿಶಾಮಪ್ಪನವರೇ, ನೀವು ಹುಳು ಬಿಟ್ಟು ಎಷ್ಟು ದಿನ ಆಯ್ತು?"

"ಎರಡು ವರ್ಷ. ಪೊಲೀಸ್ರಿಗೂ ಹೇಳಿದೀನಿ. ತೋಟದ ಹುಳುಮನೆಗೆ ಬೀಗ ಹಾಕಿದೆ."

"ಹಂಗಾದ್ರೆ ಬಟ್ಟೆಗೆ ಸೊಳ್ಳೆಬತ್ತಿ ವಾಸನೆ ಹಿಡಿದ್ರೆ ನಿಮಗೇನು?"

ಮುನಿಶಾಮಪ್ಪನವರ ಕೈ ಟವೆಲಿನ ಮೇಲೆ ಬಿಗಿಯಾಯಿತು.

"ತಲೆನೋವು ಬರ್ತದೆ."

"ತಲೆನೋವು ಅನ್ನಲಿಲ್ಲ ನೀವು. ಬಟ್ಟೆಗೆ ಹಿಡ್ಕೊಳ್ಳುತ್ತೆ ಅಂದ್ರಿ. ಆ ಹೊಗೆ ಮೈಗೆ ಹತ್ತಿಸ್ಕೊಂಡು ಒಳಗೆ ಹೋದ್ರೆ ಹುಳು ವಾಂತಿ ಮಾಡ್ಕೊಂಡು ಸಾಯುತ್ತೆ ಅಂತ ನಿಮ್ಮೂರಿನ ಜಗಲಿ ಮೇಲೆ ನಿಂತು ಹೇಳಿದವಳು ನಾನೇ. ಮನೇಲಿ ಹುಳು ಇರೋನು ಮಾತ್ರ ಹೊಸ್ತಿಲಾಚೆ ನಿಂತು ಬತ್ತಿ ಆರಿಸು ಅಂತಾನೆ."

"ಮೇಡಂ, ದಮ್ಮಯ್ಯ, ಇಲ್ಲಿ ಬೇಡ."

"ಬೈರಮ್ಮ ಅನ್ನ ನೀರು ಬಿಟ್ಟು ಮಲಗಿದಾಳೆ—"

"ಅವಳು ನನಗೆ ತಂಗಿ. ನನಗೆ ಗೊತ್ತು."

"ಗೊತ್ತಿದ್ದೂ ಇಂಥ ಕೆಲಸವಾ? ಅವಳ ಎದುರಿಗೆ ಕೂತು ಹುಡುಗ ಎಲ್ಲಿದಾನೋ ಅಂತ ಅತ್ರಿ. ಅವನನ್ನ ಹುಳುಮನೇಲಿ ಕೂಡಿಹಾಕಿಕೊಂಡು! ಯಾಕೆ? ಆ ಕಾರು ನಿಮ್ಮದಾ?"

ಮುನಿಶಾಮಪ್ಪ ಬಾಯಿ ತೆರೆದರು. ಕಾಂತರಾಜು ಅವರ ಕೈಯಲ್ಲಿದ್ದ ಟೋಪಿಯತ್ತ ಒಮ್ಮೆ ಕಣ್ಣು ಹೊರಳಿಸಿದರು. ಮತ್ತೆ ಬಾಯಿ ಮುಚ್ಚಿಕೊಂಡರು. ಎರಡೂ ಕೈ ಜೋಡಿಸಿ, ಶಾಮಲಮ್ಮನ ಮುಖವನ್ನೇ ನೋಡುತ್ತ, ಬೇಡ ಬೇಡ ಎಂಬಂತೆ ತಲೆಯಾಡಿಸಿದರು. ಶಾಮಲಮ್ಮನಿಗೆ ಅದು ತಪ್ಪೊಪ್ಪಿಗೆಯಂತೆಯೇ ಕಂಡಿತು.

"ಬೀಗದ ಕೈ ಕೊಡಿ."

ಅವರು ಕೊಡಲಿಲ್ಲ. ಆದರೆ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಅಂಗಿಯ ಕೆಳಗಿಂದ ಇಣುಕುತ್ತಿತ್ತು. ಶಾಮಲಮ್ಮ ತಾವೇ ಬಗ್ಗಿ ಗಂಟು ಬಿಚ್ಚಿದರು. ಮುದುಕನ ಕೈ ಅವರ ಮಣಿಕಟ್ಟನ್ನು ಒಮ್ಮೆ ಹಿಡಿದು ಬಿಟ್ಟುಬಿಟ್ಟಿತು.

ಶಾಮಲಮ್ಮ ಅದನ್ನು ಕಾಂತರಾಜು ಅವರ ಅಂಗೈಯಲ್ಲಿಟ್ಟರು.

"ಹುಡುಗನನ್ನ ಕರ್ಕೊಂಡು ಬನ್ನಿ."

"ನೀವು ಪೊಲೀಸ್ ಆಗ್ಬೇಕಿತ್ತು ಮೇಡಂ," ಎಂದರು ಕಾಂತರಾಜು. ಅವರ ಮುಖ ಹೊಳೆಯುತ್ತಿತ್ತು. "ತೂಬಗೆರೆ ತೋಟ ತಾನೇ? ನಾನೊಬ್ಬನೇ ಹೋದ್ರೆ ಗಲಾಟೆ ಆಗಲ್ಲ. ಈ ಯಜಮಾನ್ರನ್ನ ಇಲ್ಲೇ ಕೂರಿಸ್ಕೊಂಡಿರಿ. ಯಾರೂ ಯಾರಿಗೂ ಫೋನ್ ಮಾಡ್ಬೇಡಿ."

ಬಿಳಿಯ ಕಾರು ಲಾರಿಗಳ ನಡುವೆ ನುಗ್ಗಿ ದೊಡ್ಡಬಳ್ಳಾಪುರದ ಕಡೆಗೆ ಹೋಯಿತು.

* * *

"ಎಂಥ ಕೆಲಸ ಮಾಡ್ಬಿಟ್ರಿ ಮೇಡಂ," ಎಂದರು ಮುನಿಶಾಮಪ್ಪ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಕೂಡಿಹಾಕಿದ್ದು ಅಂದ್ರಲ್ಲ. ಹುಡುಗ ತಾನೇ ಓಡಿ ಬಂದ. ಕಂಪ್ಯೂಟರ್ ಹೆಗಲ ಮೇಲೆ ಹೊತ್ಕೊಂಡು, ಮಾವ ನನ್ನನ್ನ ಬಚ್ಚಿಡು ಅಂತ."

"ಯಾರಿಗೆ ಹೆದರಿ?"

"ಹೇಳ್ಲಿಲ್ಲ. ಆ ಕಾರಿನ ನಂಬರು ಕಾಣ್ತು ಮಾವ, ನಿನಗೆ ಗೊತ್ತಾದ್ರೆ ನಿನ್ನನ್ನೂ ಬಿಡಲ್ಲ ಅಂದ. ಒಂದೇ ಮಾತು ಅಂದ." ಮುನಿಶಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಪೊಲೀಸ್ರಿಗೆ ಮಾತ್ರ ಹೇಳ್ಬೇಡ ಅಂದ."

ಶಾಮಲಮ್ಮ ಮೇಜಿನ ಅಂಚು ಹಿಡಿದುಕೊಂಡರು.

"ನಂದೀಶ. ಆ ಹೆಂಗಸು ಏನಂದ್ಳು? ಬಿಚ್ಚಿಯೇ ಕ್ಲೀನ್ ಮಾಡ್ಬೇಕು ಅಂದ್ಳು ಅಂದೆ."

"ಹೂಂ ಮೇಡಂ. ಎರಡೆರಡ್ಸಲ ಅಂದ್ಳು."

"ನಮ್ಮ ಸೊಪ್ಪು ಕುಯ್ಯೋ ದ್ಯಾವಮ್ಮ ಇರ್ಬೇಕು," ಎಂದರು ಮುನಿಶಾಮಪ್ಪ. "ನನ್ನ ಕಣ್ಣು ತಪ್ಸಿ ಕಳಿಸಿದಾನೆ, ಬಡ್ಡಿಮಗ."

"ಬಿಚ್ಚು ನಂದೀಶ. ಬೇಗ."

ಹಿಂಬದಿಯ ನಾಲ್ಕು ಸ್ಕ್ರೂಗಳು. ಇನ್ನೂ ಬಿಸಿಯಾಗಿದ್ದ ಲೋಹದ ಭಾಗ ಚಿಪ್ಪಿನಿಂದ ಚಟ್ಟೆಂದು ಬಿಟ್ಟುಕೊಂಡಿತು. ಎರಡರ ನಡುವೆ ಶಾಖ ಸಾಗಿಸಲು ಹಚ್ಚುವ ಬೂದಿ ಬಣ್ಣದ ಪೇಸ್ಟು ಹೊಸದಾಗಿತ್ತು. ಪಕ್ಕದ ಬೆಳ್ಳಿ ಬಣ್ಣದ ತಗಡಿನ ಮೇಲೆ ಸಣ್ಣ ಮಾರ್ಕರ್ ಪೆನ್ನಿನ ಅಕ್ಷರ. ನೋಟ್‌ಬುಕ್ಕಿನದೇ ಕೈಬರಹ.

ನಂದೀಶ ಟಾರ್ಚ್ ಹಿಡಿದು ಓದಿದ. "ತಾರೀಖಿದೆ ಮೇಡಂ, ಆರು ದಿನದ ಹಿಂದಿನದು. ಒಣ 25, ಹಸಿ 23. ಆಮೇಲೆ... 'ನಂದಿ, ರೇಷ್ಮೆ ಮೇಡಂಗೆ ಮಾತ್ರ ಹೇಳು. ಕಾರಿನ ನಂಬರ್'..."

ಅವನು ನಿಲ್ಲಿಸಿದ.

"ಓದು."

"ನಾಲ್ಕು... ಸೊನ್ನೆ... ಆರು... ಮೂರು."

ಹೊರಗೆ ಪಂಕ್ಚರ್ ಅಂಗಡಿಯವನು ಬೇರಾವುದೋ ಗಾಡಿಯ ನಂಬರು ಕೂಗುತ್ತಿದ್ದ. ಅದೇ ದನಿ. ಆಗ 4063 ಎಂದು ಕೂಗಿದ್ದೂ ಅವನೇ.

ಶಾಮಲಮ್ಮನಿಗೆ ಮೊದಲು ಕಂಡದ್ದು ನಂಬರಲ್ಲ, ಆ ಪುಟ್ಟ ಗಣೇಶನ ಪಾದದ ಬಳಿಯ ಸೇವಂತಿಗೆ. ಯಜಮಾನರ ಫೋಟೋದಿಂದ ಕಿತ್ತು ಕೊಟ್ಟದ್ದು. ಆ ಕಾರಿನ ಮುಂದಿನ ಸೀಟಿನಲ್ಲಿ, ಆ ಹೂವಿನ ಎದುರಿಗೆ, ಅವರು ದೊಡ್ಡಬಳ್ಳಾಪುರದಿಂದ ಇಲ್ಲಿಯವರೆಗೆ ಕುಳಿತು ಬಂದಿದ್ದರು.

"ಹುಡುಗನಿಗೆ ಫೋನ್ ಮಾಡಿ ಮುನಿಶಾಮಪ್ಪನವರೇ!"

"ಫೋನ್ ಎಲ್ಲಿದೆ? ಇದ್ರೆ ಜಾಡು ಹಿಡೀತಾರೆ ಅಂತ ಅವನೇ ಕೆರೆಗೆ ಎಸೆದ. ದ್ಯಾವಮ್ಮನ ಹತ್ರ ಫೋನೇ ಇಲ್ಲ. ತೋಟದ ಸುತ್ತ ಒಂದು ನರಪಿಳ್ಳೆ ಇಲ್ಲ."

ಶಾಮಲಮ್ಮ ಗೋಡೆಯ ಗಡಿಯಾರ ನೋಡಿದರು. ಕಾಂತರಾಜು ಹೊರಟು ಹನ್ನೊಂದು ನಿಮಿಷ. ತೂಬಗೆರೆಗೆ ಇನ್ನು ಒಂದು ಗಂಟೆಯ ದಾರಿ.

"ನಂದೀಶ, ನಿನ್ನ ಬೈಕ್ ತೆಗಿ."

ನಂದೀಶ ಜೇಬಿಗೆ ಕೈ ಹಾಕಿದ. ಕೈ ಅಲ್ಲಿಯೇ ನಿಂತಿತು.

"ಬೈಕ್ ಇದೆ ಮೇಡಂ," ಎಂದ. "ಕೀ ಅವನ ಜೇಬಲ್ಲಿದೆ."